ಸೋರಿಕೆಯ ಮೂಲ ಹುಡುಕುವುದು: ಸಕ್ಕರೆ ಕಾರ್ಖಾನೆಯ ಗ್ಯಾಸ್ಕೆಟ್, ಸೀಲ್ ಮತ್ತು ಬೆಲ್ಲೋಸ್

ಹಂಗಾಮು ಭರದಲ್ಲಿರುವಾಗ ಸ್ಟೀಮ್ ಲೈನಿನ ಫ್ಲ್ಯಾಂಜ್ (ಎರಡು ಪೈಪುಗಳನ್ನು ಬೋಲ್ಟ್ ಹಾಕಿ ಕೂಡಿಸುವ ಅಗಲ ಅಂಚು) ಸೋರತೊಡಗಿದರೆ, ಮಂಡ್ಯದ ಕಡೆಯಾಗಲಿ ಬೆಳಗಾವಿ, ಬಾಗಲಕೋಟೆಯ ಕಡೆಯಾಗಲಿ, ಮೊದಲು ಕೇಳಿಬರುವ ಮಾತು ಒಂದೇ: "ಗ್ಯಾಸ್ಕೆಟ್ ಹೋಗಿದೆ ಸಾರ್, ಬದಲಾಯಿಸಿಬಿಡೋಣ." ಬದಲಾಯಿಸಿದ್ದೂ ಆಗುತ್ತದೆ. ಕೆಲವು ದಿನ ಕಳೆದರೆ ಅದೇ ಜಾಗದಲ್ಲಿ ಮತ್ತೆ ಹಬೆ. ಆಗ ಗ್ಯಾಸ್ಕೆಟ್ ಕಂಪನಿಯನ್ನು ಬೈಯುತ್ತಾರೆ, ಇಲ್ಲವೇ ಇನ್ನೂ ದಪ್ಪನೆಯ ಶೀಟ್ ಕತ್ತರಿಸಿ ಹಾಕುತ್ತಾರೆ.

ಸೋರದಿರಲೆಂದು ಎರಡು ಫ್ಲ್ಯಾಂಜ್ ಮುಖಗಳ ನಡುವೆ ಇಡುವ ಗ್ಯಾಸ್ಕೆಟ್ ತನ್ನಷ್ಟಕ್ಕೆ ತಾನೇ ಕೆಡುವುದು ಕಡಿಮೆ. ಬೋಲ್ಟಿನ ಬಿಗಿ ಸಾಲದೆ, ಪೈಪ್ ಎಳೆದು, ಶಾಫ್ಟ್ ಅಲುಗಿ, ಪೈಪನ್ನು ಕದಲದಂತೆ ಹಿಡಿದಿಡುವ ಆಂಕರ್ ಸಡಿಲಗೊಂಡು ಆದ ಅನ್ಯಾಯವೆಲ್ಲ ಕೊನೆಗೆ ಹೊರಬೀಳುವುದು ಇಡೀ ಲೈನಿನಲ್ಲಿ ಅತ್ಯಂತ ಮೆತ್ತಗಿರುವ ಜಾಗದಲ್ಲಿ. ಪಂಪಿನ ಶಾಫ್ಟಿನ ಸುತ್ತ ಕೂರುವ ಸೀಲ್, ಗ್ಯಾಸ್ಕೆಟ್, ಪೈಪಿನ ಹಿಗ್ಗುಕುಗ್ಗನ್ನು ನುಂಗುವ ಮಡಿಕೆಗಳ ಬೆಲ್ಲೋಸ್ ಮೂರೂ ಅಂಥ ಜಾಗಗಳು. ಅವು ಸಾಕ್ಷಿಗಳು, ಅಪರಾಧಿ ಬಹಳ ಸಲ ಬೇರೆ ಕಡೆ ಇರುತ್ತಾನೆ. ಹಾಗಾಗಿ ಬಿಚ್ಚಿ ತೆಗೆದ ಭಾಗವನ್ನು ಗುಜರಿಗೆ ಎಸೆಯುವ ಮೊದಲು ಅದನ್ನು ಓದುವುದು ಹೇಗೆ ಎಂಬುದನ್ನೇ ಇಲ್ಲಿ ಹೆಚ್ಚಾಗಿ ಬರೆದಿದ್ದೇನೆ.

ಬಿಚ್ಚುವ ಮೊದಲು

ಸೋರಿಕೆ ಎಲ್ಲಿದೆ ಎಂದು ಕೈಯಾಡಿಸಿ ನೋಡಬೇಡಿ. ಕೋಜನರೇಶನ್ (ಹಬೆಯ ಜೊತೆಗೆ ವಿದ್ಯುತ್ ತಯಾರಿ) ಇರುವ ಕಾರ್ಖಾನೆಗಳಲ್ಲಿ ಬಾಯ್ಲರ್ ಚದರ ಸೆಂ.ಮೀ.ಗೆ 67 ಅಥವಾ 87 ಕೆಜಿ ಒತ್ತಡದಲ್ಲಿ, 500 ಡಿಗ್ರಿಯ ಆಸುಪಾಸಿನಲ್ಲಿ ಓಡುತ್ತಿರುತ್ತದೆ. ಅಷ್ಟು ಬಿಸಿಯಾದ ಸೂಪರ್‌ಹೀಟೆಡ್ ಸ್ಟೀಮ್ ಸೋರುವ ಬಾಯಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವ ಬಿಳಿ ಹಬೆ ಸ್ವಲ್ಪ ದೂರ ಹೋಗಿ ತಣ್ಣಗಾದ ಮೇಲಿನದು. ಶಬ್ದ ಕೇಳುತ್ತಿದೆ, ಹಬೆ ಕಾಣುತ್ತಿಲ್ಲ ಎಂದರೆ ಹತ್ತಿರ ಹೋಗಲೇಬಾರದು. ಉದ್ದನೆಯ ಕೋಲಿನ ತುದಿಗೆ ಬಟ್ಟೆ ಕಟ್ಟಿ ದೂರದಿಂದ ಆಡಿಸುವ ಹಳೆಯ ಕ್ರಮ ಇಂದಿಗೂ ಸರಿ.

ಇನ್ಸುಲೇಶನ್ ಹೊದಿಸಿದ ಲೈನಾದರೆ ಹಬೆ ಹೊರಬಂದ ಜಾಗವೇ ಸೋರಿದ ಜಾಗ ಎಂದು ನಂಬಬೇಡಿ. ಹೊದಿಕೆಯೊಳಗೇ ಮೀಟರ್‌ಗಟ್ಟಲೆ ಹರಿದು ಎಲ್ಲೋ ತಗಡಿನ ಸಂದಿಯಲ್ಲಿ ಹೊರಬರುತ್ತದೆ. ತಗಡು ತೆಗೆಸಿಯೇ ನೋಡಬೇಕು.

ಆಮೇಲೆ ಶಿಫ್ಟಿನವರನ್ನು ಕೇಳಬೇಕಾದ ಪ್ರಶ್ನೆ: ಯಾವಾಗ ಶುರುವಾಯಿತು? ಇದಕ್ಕೆ ಸಿಗುವ ಉತ್ತರದಲ್ಲೇ ಅರ್ಧ ಕಾರಣ ಇರುತ್ತದೆ. ಹೈಡ್ರೋ ಟೆಸ್ಟಿನಲ್ಲೇ (ನೀರು ತುಂಬಿ ಒತ್ತಡ ಕೊಟ್ಟು ನೋಡುವ ಪರೀಕ್ಷೆ) ಸೋರಿತೆಂದರೆ ಜೋಡಣೆ ತಪ್ಪಿದೆ: ಫ್ಲ್ಯಾಂಜ್ ಮುಖ, ಅಲೈನ್‌ಮೆಂಟ್, ಬೋಲ್ಟಿನ ಬಿಗಿ, ಇಲ್ಲವೇ ಗ್ಯಾಸ್ಕೆಟ್ ಅಳತೆ. ಚೆನ್ನಾಗಿದ್ದು ಕೆಲವು ದಿನಗಳ ಮೇಲೆ ಸೋರಿತೆಂದರೆ ಗ್ಯಾಸ್ಕೆಟ್ ನಿಧಾನಕ್ಕೆ ಕುಸಿದು ಬೋಲ್ಟ್ ಸಡಿಲಗೊಂಡಿದೆ, ಅಥವಾ ಶಾಖಕ್ಕೆ ಶೀಟ್ ಗಟ್ಟಿಯಾಗಿದೆ. ಪ್ಲಾಂಟ್ ನಿಲ್ಲಿಸಿ ತಣ್ಣಗಾಗುವಾಗ ಮಾತ್ರ ತೊಟ್ಟಿಕ್ಕಿ, ಬಿಸಿಯಾದ ಮೇಲೆ ನಿಂತುಹೋಗುತ್ತದೆಯೇ? ಒಳಗಿನ ಕಂಡೆನ್ಸೇಟಿನಿಂದ ಫ್ಲ್ಯಾಂಜ್ ಬೇಗ ತಣ್ಣಗಾಗಿ ಕುಗ್ಗುತ್ತದೆ, ಬೋಲ್ಟ್ ಇನ್ನೂ ಬಿಸಿಯಾಗಿ ಉದ್ದವಾಗಿಯೇ ಇರುತ್ತದೆ. ಆ ಅಷ್ಟು ಹೊತ್ತು ಗ್ಯಾಸ್ಕೆಟ್ ಮೇಲಿನ ಒತ್ತಡ ಇಳಿಯುತ್ತದೆ. ಮೊದಲೇ ಬಿಗಿ ಕಡಿಮೆಯಿದ್ದ ಜಾಯಿಂಟಿನಲ್ಲಿ ಇದು ಹೊರಗೆ ಕಾಣುತ್ತದೆ.

ಎರಡನೆಯದು, ಫ್ಲ್ಯಾಂಜಿನ ಯಾವ ದಿಕ್ಕಿಗೆ ಸೋರುತ್ತಿದೆ? ಗಡಿಯಾರದ ಮುಖದಂತೆ ಬರೆದಿಟ್ಟುಕೊಳ್ಳಿ: 6 ಗಂಟೆಯ ಕಡೆ, 10 ಗಂಟೆಯ ಕಡೆ ಎಂದು. ಪ್ರತಿ ಸಲ ಗ್ಯಾಸ್ಕೆಟ್ ಬದಲಿಸಿದರೂ ಅದೇ 6 ಗಂಟೆಯ ಜಾಗದಲ್ಲಿ ಸೋರಿದರೆ ಯಾವ ಗ್ಯಾಸ್ಕೆಟ್ ಹಾಕಿದರೂ ಪ್ರಯೋಜನವಿಲ್ಲ. ಪೈಪು ಆ ಫ್ಲ್ಯಾಂಜನ್ನು ಬಾಗಿಸುತ್ತಿದೆ. ಎಲ್ಲೋ ಸಪೋರ್ಟ್ ಕುಸಿದಿದೆ, ಹ್ಯಾಂಗರ್ ಸ್ಪ್ರಿಂಗ್ ಸೋತಿದೆ, ಅಥವಾ ಜಾರಬೇಕಾದ ಶೂ (ಪೈಪಿನ ಅಡಿಯ ಆಸರೆ) ತುಕ್ಕು ಹಿಡಿದು ಕಚ್ಚಿಕೊಂಡಿದೆ. ಅದನ್ನು ಹುಡುಕಿಕೊಂಡು ಲೈನಿನುದ್ದಕ್ಕೂ ನಡೆಯಬೇಕು.

ಫ್ಲ್ಯಾಂಜ್ ಮತ್ತು ಗ್ಯಾಸ್ಕೆಟ್

ವಾಲ್ವ್ ಮುಚ್ಚಿ, ಬೀಗ ಹಾಕಿ, ಟ್ಯಾಗ್ ಕಟ್ಟಿ, ಡ್ರೇನ್ ತೆರೆದು ಒತ್ತಡ ಸೊನ್ನೆಗೆ ಬಂದಿದೆ ಎಂದು ಖಾತ್ರಿಯಾದ ಮೇಲೆಯೂ ಬೋಲ್ಟ್ ಸಡಿಲಿಸುವಾಗ ನಿಮ್ಮಿಂದ ದೂರದ ಬದಿಯದನ್ನು ಮೊದಲು ಸಡಿಲಿಸಿ. ಒಳಗೆ ಏನಾದರೂ ಉಳಿದಿದ್ದರೆ ಅದು ಆ ಕಡೆಗೆ ಹೋಗಲಿ.

ಬೋಲ್ಟ್ ಬಿಚ್ಚಿದ ಕೂಡಲೇ ಫ್ಲ್ಯಾಂಜ್ ಏನು ಮಾಡಿತು ಎಂದು ಕಣ್ಣಿಟ್ಟು ನೋಡಿ. ಎರಡೂ ಮುಖಗಳು ಪಕ್ಕಕ್ಕೆ ಜಾರಿದರೆ, ಬಾಯಿ ಬಿಟ್ಟರೆ, ಆ ಪೈಪನ್ನು ಬಲವಂತವಾಗಿ ಎಳೆದು ಕೂರಿಸಲಾಗಿತ್ತು ಎಂದು ಅರ್ಥ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಎಎಸ್‌ಎಂಇಯ ಪಿಸಿಸಿ-1 ಮಾರ್ಗಸೂಚಿ ಇದಕ್ಕೆ ಮಿತಿಗಳನ್ನು ಕೊಟ್ಟಿದೆ: ಎರಡು ಮುಖಗಳ ನಡುವಿನ ಅಂತರ ಒಂದು ಬದಿಗೂ ಇನ್ನೊಂದು ಬದಿಗೂ 0.8 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಆಗಬಾರದು, ಮಧ್ಯರೇಖೆ 1.5 ಮಿ.ಮೀ.ಗಿಂತ ಹೆಚ್ಚು ಸರಿದಿರಬಾರದು, ಬೋಲ್ಟ್ ತೂತುಗಳು 3 ಮಿ.ಮೀ.ಗಿಂತ ಹೆಚ್ಚು ತಿರುಗಿರಬಾರದು. ಕ್ರೋಬಾರ್ ಹಾಕಿ ಮೀಟಿ, ಚೈನ್ ಬ್ಲಾಕ್ ಕಟ್ಟಿ ಎಳೆದು ತೂತು ಹೊಂದಿಸುವುದು ನಮ್ಮಲ್ಲಿ ದಿನನಿತ್ಯದ ದೃಶ್ಯ. ಹಾಗೆ ಎಳೆದ ಬಲವೆಲ್ಲ ಗ್ಯಾಸ್ಕೆಟ್‌ಗೆ ಸಿಗಬೇಕಾದ ಬಿಗಿಯಿಂದಲೇ ಕಳೆದುಹೋಗುತ್ತದೆ. ಪೈಪ್ ಕತ್ತರಿಸಿ ಮತ್ತೆ ವೆಲ್ಡ್ ಮಾಡುವುದು ಆ ಹೊತ್ತಿಗೆ ದುಬಾರಿ ಅನ್ನಿಸಬಹುದು. ಹಂಗಾಮಿನ ನಡುವೆ ಕ್ರಶಿಂಗ್ ನಿಲ್ಲಿಸುವುದು ಅದಕ್ಕಿಂತ ದುಬಾರಿ.

ಈಗ ಗ್ಯಾಸ್ಕೆಟ್. ತೆಗೆಯುವ ಮೊದಲೇ ಅದರ ಮೇಲೆ ಮಾರ್ಕರಿನಿಂದ 12 ಗಂಟೆಯ ಜಾಗವನ್ನು, ಹರಿವಿನ ದಿಕ್ಕನ್ನು ಗುರುತು ಮಾಡಿ. ಗುರುತಿಲ್ಲದೆ ತೆಗೆದರೆ ಅದು ಹೇಳುವ ಕಥೆಯ ಅರ್ಧ ಹೋದಂತೆಯೇ.

ಸ್ಪೈರಲ್ ವೂಂಡ್ ಗ್ಯಾಸ್ಕೆಟ್ (ಲೋಹದ ಪಟ್ಟಿ, ನಡುವೆ ಮೆತ್ತನೆಯ ಫಿಲ್ಲರ್ ಸೇರಿಸಿ ಸುರುಳಿ ಸುತ್ತಿದ್ದು) ಆದರೆ ವರ್ನಿಯರ್ ಹಿಡಿದು ಸುರುಳಿಯ ದಪ್ಪವನ್ನು ಸುತ್ತಲೂ ಅಳೆಯಿರಿ. ಹೊಸದರಲ್ಲಿ ಸುರುಳಿ ಸುಮಾರು 4.5 ಮಿ.ಮೀ. ಇರುತ್ತದೆ, ಸರಿಯಾಗಿ ಬಿಗಿದಾಗ 3.3 ಮಿ.ಮೀ. ಹತ್ತಿರಕ್ಕೆ ಇಳಿಯಬೇಕು. ಸುತ್ತಲೂ 3.8, 3.9 ಇದೆಯೆಂದರೆ ಬಿಗಿ ಸಾಲದು. ಒಂದು ಬದಿ 3.2, ಎದುರು ಬದಿ 4 ಇದೆಯೆಂದರೆ ಫ್ಲ್ಯಾಂಜ್ ಸಮಾಂತರವಾಗಿ ಕೂತಿರಲಿಲ್ಲ, ಅಥವಾ ಬೋಲ್ಟನ್ನು ಒಂದೇ ಕಡೆಯಿಂದ ಸಾಲಾಗಿ ಬಿಗಿಯುತ್ತ ಹೋಗಿದ್ದಾರೆ. ಒಳಸುರುಳಿ ಪೈಪಿನೊಳಗೆ ಮಡಚಿ ಬಿಚ್ಚಿಕೊಂಡಿದ್ದರೆ ಅತಿಯಾಗಿ ಬಿಗಿಯಲಾಗಿದೆ, ಇಲ್ಲವೇ ಒಳ ಉಂಗುರ ಇಲ್ಲದ ಗ್ಯಾಸ್ಕೆಟ್ ತರಿಸಲಾಗಿದೆ. ಹಾಗೆ ಬಿಚ್ಚಿಕೊಂಡ ಲೋಹದ ಪಟ್ಟಿ ಟರ್ಬೈನ್ ಕಡೆ ಹರಿದುಹೋದರೆ ಏನಾದೀತು ಎಂಬುದನ್ನು ಯೋಚಿಸಿ, ಆರ್ಡರ್ ಕೊಡುವಾಗಲೇ ಒಳ ಉಂಗುರ ಬೇಕೆಂದು ಬರೆಯಿರಿ.

ಸ್ಟೋರಿನವರು ಕೊಟ್ಟದ್ದು ಸರಿಯಾದ ಗ್ಯಾಸ್ಕೆಟ್ಟೇ ಎಂಬುದನ್ನು ಅಂಚಿನ ಬಣ್ಣವೇ ಹೇಳುತ್ತದೆ. ಎಎಸ್‌ಎಂಇ ಬಿ16.20 ಪ್ರಕಾರ ಹೊರ ಉಂಗುರದ ಅಂಚಿಗೆ ಬಳಿದ ಬಣ್ಣ ಸುರುಳಿಯ ಲೋಹವನ್ನು ಸೂಚಿಸುತ್ತದೆ: 304 ಸ್ಟೇನ್‌ಲೆಸ್‌ಗೆ ಹಳದಿ, 316ಎಲ್‌ಗೆ ಹಸಿರು. ಅದರ ಮೇಲಿನ ಪಟ್ಟೆಗಳು ತುಂಬಿದ ವಸ್ತುವನ್ನು ಸೂಚಿಸುತ್ತವೆ: ಗ್ರಾಫೈಟ್‌ಗೆ ಬೂದು, ಪಿಟಿಎಫ್‌ಇಗೆ (ಟೆಫ್ಲಾನ್) ಬಿಳಿ. ಹಸಿರು ಅಂಚು, ಬಿಳಿ ಪಟ್ಟೆಯ ಗ್ಯಾಸ್ಕೆಟ್ ಬಾಯ್ಲರಿನಿಂದ ನೇರ ಬರುವ ಲೈವ್ ಸ್ಟೀಮ್ ಲೈನಿನಲ್ಲಿ ಸಿಕ್ಕಿದರೆ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ. ಪಿಟಿಎಫ್‌ಇ 260 ಡಿಗ್ರಿ ದಾಟಿದ ಮೇಲೆ ಕೆಲಸಕ್ಕೆ ಬಾರದು. ಗ್ರಾಫೈಟ್‌ಗೂ ಮಿತಿ ಇದೆ. ಗಾಳಿ ತಾಗುವ ಕಡೆ 450 ಡಿಗ್ರಿಗಿಂತ ಮೇಲೆ ಅದು ನಿಧಾನವಾಗಿ ಉರಿದು ಕಡಿಮೆಯಾಗುತ್ತ ಹೋಗುತ್ತದೆ. 500 ಡಿಗ್ರಿ ದಾಟಿದ ಮುಖ್ಯ ಸ್ಟೀಮ್ ಲೈನಿನಲ್ಲಿ ಹಂಗಾಮಿನ ಶುರುವಿಗೆ ಚೆನ್ನಾಗಿದ್ದು ಕೊನೆಯ ತಿಂಗಳಲ್ಲಿ ಸೋರುವ ಜಾಯಿಂಟನ್ನು ಬಿಚ್ಚಿದಾಗ ಸುರುಳಿಗಳ ನಡುವೆ ಬರೀ ಲೋಹವೇ ಕಂಡರೆ ಆದದ್ದು ಇದೇ. ಅಲ್ಲಿಗೆ ಮೈಕಾ ಸೇರಿದ ಫಿಲ್ಲರ್ ಬೇಕು.

ಕಡಿಮೆ ಒತ್ತಡದ ಲೈನುಗಳಲ್ಲಿ ಶೀಟ್ ಕತ್ತರಿಸಿ ಹಾಕುವುದೇ ರೂಢಿ. ಬಿಚ್ಚಿದಾಗ ಶೀಟಿನ ಮೇಲೆ ಫ್ಲ್ಯಾಂಜ್ ಮುಖದ ಸಣ್ಣ ವೃತ್ತಗೆರೆಗಳ ಅಚ್ಚು ಸುತ್ತಲೂ ಸಮನಾಗಿ ಮೂಡಿರಬೇಕು. ಎಲ್ಲಿ ಅಚ್ಚು ಮಸುಕಾಗಿದೆಯೋ ಅಲ್ಲಿ ಒತ್ತಡ ಬಿದ್ದಿಲ್ಲ. ಒಂದು ತುಂಡು ಹೊರಕ್ಕೆ ಚಿಮ್ಮಿ ಹರಿದುಹೋಗಿದ್ದರೆ ಅದರ ಮೇಲೆ ಗ್ರೀಸ್ ಅಥವಾ ಪೇಸ್ಟ್ ಹಚ್ಚಿದ್ದರೇ ಎಂದು ಕೇಳಿ. ಶೀಟನ್ನು ಒಳಒತ್ತಡಕ್ಕೆ ಎದುರಾಗಿ ಹಿಡಿದಿಡುವುದು ಫ್ಲ್ಯಾಂಜಿನ ಘರ್ಷಣೆ. ಗ್ರೀಸ್ ಹಚ್ಚಿದರೆ ಆ ಹಿಡಿತವೇ ಹೋಗುತ್ತದೆ. "ಮುಂದಿನ ಸಲ ಬಿಚ್ಚಲು ಸುಲಭವಾಗುತ್ತೆ" ಎಂದು ಒಳ್ಳೆಯ ಮನಸ್ಸಿನಿಂದಲೇ ಹಚ್ಚಿರುತ್ತಾರೆ. ಹಚ್ಚಬೇಕಾದದ್ದು ಬೋಲ್ಟಿಗೆ, ಗ್ಯಾಸ್ಕೆಟ್‌ಗೆ ಅಲ್ಲ.

ದಪ್ಪದ ವಿಷಯದಲ್ಲೂ ಹಾಗೆಯೇ. ಸೋರಿದ ಕಡೆ 1.5 ಮಿ.ಮೀ. ಬದಲು 3 ಮಿ.ಮೀ. ಶೀಟ್ ಹಾಕಿದರೆ ಭದ್ರ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ದಪ್ಪ ಹೆಚ್ಚಿದಷ್ಟೂ ಶೀಟ್ ಹೆಚ್ಚು ಕುಸಿಯುತ್ತದೆ, ಒಳಗಿನ ಒತ್ತಡಕ್ಕೆ ತೆರೆದುಕೊಂಡ ಅಂಚೂ ದೊಡ್ಡದಾಗುತ್ತದೆ. ಮುಖ ಸರಿಯಿದ್ದರೆ ತೆಳುವಾದದ್ದೇ ಒಳ್ಳೆಯದು. ಮುಖ ಸರಿಯಿಲ್ಲದಿದ್ದರೆ ಲೇತಿಗೆ ಒಯ್ಯಿರಿ. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಇಡುವುದಂತೂ ಬೇಡವೇ ಬೇಡ.

ಹಳೆಯ ಲೈನುಗಳಲ್ಲಿ ಇನ್ನೂ ಸಿಎಎಫ್ ಶೀಟ್ ಸಿಗುತ್ತದೆ. ಐಎಸ್ 2712ರ ಹೆಸರಿನಲ್ಲಿ ಬರುವ ಅದು ಕಲ್ನಾರಿನದು. ಒಣಗಿ ಅಂಟಿಕೊಂಡದ್ದನ್ನು ಗ್ರೈಂಡರ್ ಹಿಡಿದು ಉಜ್ಜಿದರೆ ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಹೋದದ್ದು ಹೊರಬರುವುದಿಲ್ಲ. ನೀರು ಚಿಮುಕಿಸಿ ಒದ್ದೆ ಮಾಡಿ, ಕೈಯಿಂದ ಕೆರೆದು, ಚೀಲದಲ್ಲಿ ಕಟ್ಟಿಡಿ. ಕೆರೆಯುವ ಹುಡುಗನಿಗೆ ಮಾಸ್ಕ್ ಕೊಡಿಸುವುದು ಮೇಲ್ವಿಚಾರಕರ ಕರ್ತವ್ಯ.

ಫ್ಲ್ಯಾಂಜ್ ಮುಖವನ್ನು ಬರಿಗಣ್ಣಿನಿಂದ ನೋಡಿ ಬಿಡಬೇಡಿ, ಚೆನ್ನಾಗಿ ಒರೆಸಿ ಉಗುರಿನ ತುದಿಯನ್ನು ಅಡ್ಡಡ್ಡ ಎಳೆಯಿರಿ. ವೃತ್ತಾಕಾರದ ಗೆರೆಗಳು ಇರಲೇಬೇಕು, ಗ್ಯಾಸ್ಕೆಟ್ ಕಚ್ಚಿ ಹಿಡಿಯಲು ಬೇಕಾದ 3.2ರಿಂದ 6.3 ಮೈಕ್ರಾನ್ ಒರಟುತನ ಅದು. ಹೆದರಬೇಕಾದದ್ದು ಒಳಗಿನಿಂದ ಹೊರಕ್ಕೆ ಅಡ್ಡವಾಗಿ ಹೋದ ಗೀರಿಗೆ. ಚಿಸೆಲ್ ಹಾಕಿ ಗ್ಯಾಸ್ಕೆಟ್ ಕೆರೆಯುವಾಗ ಆಗುವುದು ಇಂಥ ಗೀರೇ. ಹಬೆ ಅದೇ ದಾರಿ ಹಿಡಿದು ಹೊರಬಂದು, ಬರಬರುತ್ತ ಲೋಹವನ್ನೇ ಕೊರೆದು ಕಾಲುವೆ ಮಾಡುತ್ತದೆ.

ಬೋಲ್ಟಿನ ಬಗ್ಗೆ ಒಂದು ಲೆಕ್ಕ ಹೇಳದೆ ಮುಂದೆ ಹೋಗಲಾರೆ. ಟಾರ್ಕ್ ರೆಂಚ್ ಇಟ್ಟು ಬಿಗಿದಿದ್ದೇವೆ, ಹಾಗಾಗಿ ಬಿಗಿ ಸರಿಯಿದೆ ಎಂಬ ವಾದ ಬರುತ್ತದೆ. ಟಾರ್ಕ್ ಎಂದರೆ ನಟ್ ಫ್ಯಾಕ್ಟರ್ (ಘರ್ಷಣೆಯನ್ನು ಲೆಕ್ಕಕ್ಕೆ ತರುವ ಅಂಕಿ), ಬೋಲ್ಟಿನ ವ್ಯಾಸ, ಬೋಲ್ಟಿನಲ್ಲಿ ಹುಟ್ಟುವ ಎಳೆತ ಮೂರರ ಗುಣಲಬ್ಧ. ಎಣ್ಣೆ ಹಚ್ಚಿದ ಒಳ್ಳೆಯ ಮುಕ್ಕಾಲಿಂಚು ಸ್ಟಡ್ಡಿನಲ್ಲಿ ಆ ಫ್ಯಾಕ್ಟರ್ 0.2 ಎಂದುಕೊಂಡರೆ 256 ನ್ಯೂಟನ್ ಮೀಟರ್ ಟಾರ್ಕಿಗೆ ಸುಮಾರು 67 ಕಿಲೋನ್ಯೂಟನ್ ಎಳೆತ ಸಿಗುತ್ತದೆ. ಅದೇ ಸ್ಟಡ್ ತುಕ್ಕು ಹಿಡಿದು ಒಣಗಿ ಫ್ಯಾಕ್ಟರ್ 0.3ಕ್ಕೆ ಏರಿದ್ದರೆ ಅಷ್ಟೇ ಟಾರ್ಕಿಗೆ ಸಿಗುವುದು 45 ಕಿಲೋನ್ಯೂಟನ್, ಮೂರರಲ್ಲಿ ಎರಡು ಪಾಲು. ರೆಂಚ್ 'ಟಕ್' ಅಂದಿತು, ಆದರೆ ಗ್ಯಾಸ್ಕೆಟ್‌ಗೆ ಬಲ ತಲುಪಲಿಲ್ಲ. ಹಾಗಾಗಿ ಸ್ಟಡ್ಡಿನ ಎಳೆಗಳಿಗೆ, ನಟ್ಟಿನ ಕೆಳಮುಖಕ್ಕೆ ಆಂಟಿಸೀಜ್ ಹಚ್ಚಬೇಕು, ನಟ್ಟು ಕೈಯಲ್ಲೇ ಸಲೀಸಾಗಿ ಓಡಬೇಕು. ಕೈಯಲ್ಲಿ ಓಡದ ನಟ್ಟನ್ನು ಬದಲಿಸಿ.

ಬಿಗಿಯುವ ಕ್ರಮ ಎಲ್ಲರಿಗೂ ಬಾಯಿಪಾಠ: ಎದುರುಬದುರು, ನಕ್ಷತ್ರದಂತೆ. ಆದರೆ ಮೊದಲ ಸುತ್ತಿಗೇ ಪೂರ್ತಿ ಬಿಗಿದುಬಿಡುತ್ತಾರೆ. ಮೊದಲ ಸುತ್ತು 20-30 ಶೇಕಡ, ಎರಡನೆಯದು 50-70, ಮೂರನೆಯದು 100; ಆಮೇಲೆ ವೃತ್ತಾಕಾರವಾಗಿ, ಯಾವ ನಟ್ಟೂ ಅಲುಗದವರೆಗೆ. ಅಷ್ಟಕ್ಕೇ ಮುಗಿಯುವುದಿಲ್ಲ. ಕನಿಷ್ಠ 4 ಗಂಟೆ ಬಿಟ್ಟು ಮತ್ತೊಂದು ವೃತ್ತದ ಸುತ್ತು ಹಾಕಿದರೆ, ಅಷ್ಟರಲ್ಲಿ ಗ್ಯಾಸ್ಕೆಟ್ ಕುಸಿದು ಕಳೆದುಕೊಂಡ ಬಿಗಿ ಬಹುಪಾಲು ವಾಪಸ್ ಬರುತ್ತದೆ. ಎಲ್ಲರೂ ಬಿಟ್ಟುಬಿಡುವುದು ಈ ಕೊನೆಯ ಸುತ್ತನ್ನೇ.

ಬಿಸಿಯಾದ ಮೇಲೆ ಇನ್ನೊಮ್ಮೆ ಬಿಗಿಯಬಹುದೇ? ರಬ್ಬರ್ ಅಂಟಿನ ಶೀಟ್ ಗ್ಯಾಸ್ಕೆಟ್ ಆದರೆ ಬೇಡ. ಶಾಖಕ್ಕೆ ಅಂಟು ಗಟ್ಟಿಯಾಗಿರುತ್ತದೆ, ಬಿಗಿದರೆ ಸೀಳುತ್ತದೆ. ಒತ್ತಡವಿರುವ ಲೈನಿನಲ್ಲಿ ಸೋರುತ್ತಿರುವ ಜಾಯಿಂಟನ್ನು ಬಿಗಿಯಲು ಮುಂದಾಗುವುದು ಜೀವದ ಪ್ರಶ್ನೆ. ಸೋರಿಕೆ ನಿಂತೀತೆಂಬ ಆಸೆಯಲ್ಲಿ ಸ್ಪ್ಯಾನರ್ ಹಿಡಿದು ನಿಂತವರ ಮುಖಕ್ಕೇ ಗ್ಯಾಸ್ಕೆಟ್ ಚಿಮ್ಮಬಹುದು. ಲಿಖಿತ ಅನುಮತಿ, ತರಬೇತಿ, ಓಡಿಹೋಗುವ ದಾರಿ ಇಲ್ಲದೆ ಅದನ್ನು ಯಾರಿಗೂ ಹೇಳಬೇಡಿ.

ಪಂಪಿನ ಮೆಕ್ಯಾನಿಕಲ್ ಸೀಲ್

ಎರಡು ಸಪಾಟು ಮುಖಗಳು, ಒಂದು ಶಾಫ್ಟಿನ ಜೊತೆ ತಿರುಗುತ್ತದೆ, ಇನ್ನೊಂದು ಗ್ಲ್ಯಾಂಡ್ ಪ್ಲೇಟಿನಲ್ಲಿ (ಶಾಫ್ಟ್ ಹೊರಬರುವ ಕಡೆಯ ಮುಚ್ಚಳ) ಕೂತಿರುತ್ತದೆ. ಸಾಮಾನ್ಯವಾಗಿ ಒಂದು ಮುಖ ಕಾರ್ಬನ್ನಿನದು, ಇನ್ನೊಂದು ಅದಕ್ಕಿಂತ ಗಟ್ಟಿ ವಸ್ತುವಿನದು. ನಡುವೆ ಮೈಕ್ರಾನ್ ಲೆಕ್ಕದ ದ್ರವದ ಪದರ. ಆ ಪದರ ಉಳಿದರೆ ಸೀಲ್ ವರ್ಷಗಟ್ಟಲೆ ಬಾಳುತ್ತದೆ, ಒಣಗಿದರೆ ನಿಮಿಷಗಳಲ್ಲಿ ಸುಡುತ್ತದೆ. ಮುಖದ ಸಪಾಟುತನವನ್ನು ಹೀಲಿಯಂ ಬೆಳಕಿನ ಪಟ್ಟೆಗಳಲ್ಲಿ ಅಳೆಯುತ್ತಾರೆ, ಒಂದು ಪಟ್ಟೆ ಎಂದರೆ 0.29 ಮೈಕ್ರಾನ್. ಇಂಥದ್ದನ್ನು ಗ್ರೀಸ್ ಕೈಯಲ್ಲಿ ಮುಟ್ಟಿ, ಹತ್ತಿ ಬಟ್ಟೆಯಲ್ಲಿ ಒರೆಸಿ ಕೂರಿಸಿದರೆ ಮೊದಲ ದಿನವೇ ತೊಟ್ಟಿಕ್ಕುವುದು ಆಶ್ಚರ್ಯವಲ್ಲ.

ಪಂಪ್ ಓಡುತ್ತಿರುವಾಗಲೇ ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಳ್ಳಿ. ಕಿರ್ರೆನ್ನುವ ಸದ್ದು ಬಂದರೆ ಮುಖಗಳಿಗೆ ದ್ರವ ಸಾಲುತ್ತಿಲ್ಲ. 'ಪಟ್ ಪಟ್' ಎಂದು ಸಿಡಿಯುತ್ತ ಹಬೆ ಬಿಡುತ್ತಿದ್ದರೆ ಮುಖಗಳ ನಡುವೆ ದ್ರವ ಕುದಿಯುತ್ತಿದೆ. ಜ್ಯೂಸ್ ಹೀಟರ್ ದಾಟಿ ನೂರು ಡಿಗ್ರಿ ಮೀರಿದ ರಸವನ್ನು ತಳ್ಳುವ ಪಂಪುಗಳಲ್ಲಿ ಇದು ಮಾಮೂಲು. ಗ್ಲ್ಯಾಂಡಿನ ಹೊರಗೆ ಕಪ್ಪು ಪುಡಿ ಉದುರಿದ್ದರೆ ಅದು ಕಾರ್ಬನ್ ಮುಖ ಸವೆದ ಪುಡಿ. ನಿಂತಾಗ ಸೋರದೆ ಓಡುವಾಗ ಮಾತ್ರ ಸೋರಿದರೆ ಮುಖಗಳನ್ನೂ ಶಾಫ್ಟನ್ನೂ ಶಂಕಿಸಿ. ನಿಂತಾಗಲೂ ಓಡುವಾಗಲೂ ಒಂದೇ ಸಮ ಸೋರಿದರೆ ಓ ರಿಂಗ್ (ರಬ್ಬರ್ ಉಂಗುರ) ಅಥವಾ ಶಾಫ್ಟಿಗೆ ತೊಡಿಸಿದ ಸ್ಲೀವಿನ ಕಡೆ ನೋಡಿ.

ಬಿಚ್ಚಿದ ಮೇಲೆ ಗಟ್ಟಿ ಮುಖದ ಮೇಲಿನ ಸವೆತದ ಗುರುತನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನನ್ನ ಮಟ್ಟಿಗೆ ಇಡೀ ಪಂಪಿನಲ್ಲಿ ಇದಕ್ಕಿಂತ ನಂಬಿಗಸ್ತ ದಾಖಲೆ ಇನ್ನೊಂದಿಲ್ಲ. ಗುರುತು ಪೂರ್ತಿ ಸುತ್ತಲೂ, ಕಾರ್ಬನ್ ಮುಖದಷ್ಟೇ ಅಗಲಕ್ಕೆ ನೀಟಾಗಿದ್ದರೆ ಮುಖಗಳದ್ದೇನೂ ತಪ್ಪಿಲ್ಲ, ಸೋರಿಕೆ ಓ ರಿಂಗಿನದು. ಗುರುತು ಕಾರ್ಬನ್ ಮುಖಕ್ಕಿಂತ ಅಗಲವಾಗಿದ್ದರೆ ಶಾಫ್ಟ್ ಸುತ್ತಾಡುತ್ತಿದೆ: ಬೇರಿಂಗ್ ಸವೆದಿದೆ, ಶಾಫ್ಟ್ ಬಾಗಿದೆ, ಅಥವಾ ಕಪ್ಲಿಂಗ್ ಅಲೈನ್‌ಮೆಂಟ್ ತಪ್ಪಿದೆ. ಡಯಲ್ ಗೇಜ್ ಇಟ್ಟು ನೋಡಿ, 0.05 ಮಿ.ಮೀ.ಗಿಂತ ಹೆಚ್ಚು ತೋರಿದರೆ ಹೊಸ ಸೀಲ್ ಹಾಕುವುದು ದುಡ್ಡು ದಂಡ. ಎದುರುಬದುರು ಎರಡು ಕಡೆ ಮಾತ್ರ ಹೊಳಪಿದ್ದರೆ ಗ್ಲ್ಯಾಂಡ್ ಬೋಲ್ಟನ್ನು ಹೆಚ್ಚುಕಡಿಮೆ ಬಿಗಿದು ಸೀಟ್ ಸೊಟ್ಟಗಾಗಿದೆ. ಒಳ ಅಂಚಿನಲ್ಲಿ ಮಾತ್ರ ಗಾಢವಾಗಿದ್ದರೆ ಶಾಖಕ್ಕೆ ಮುಖ ತಿರುಚಿದೆ, ಹೊರ ಅಂಚಿನಲ್ಲಿ ಗಾಢವಾಗಿದ್ದರೆ ಒತ್ತಡಕ್ಕೆ. ಕೇಂದ್ರದಿಂದ ಹೊರಕ್ಕೆ ಕೂದಲೆಳೆಯಂಥ ಬಿರುಕುಗಳಿದ್ದರೆ ಪಂಪ್ ಒಣ ಓಡಿದೆ. ಸಕ್ಷನ್ ಟ್ಯಾಂಕಿನ ಮಟ್ಟ, ಸ್ಟ್ರೇನರ್, ಸೀಲಿಗೆ ದ್ರವ ಹಾಯಿಸುವ ಫ್ಲಶ್ ಲೈನ್ ನೋಡಿ.

ಸಿರಪ್ ಮತ್ತು ಮೊಲಾಸಿಸ್ ಪಂಪುಗಳಿಗೆ ಅವುಗಳದೇ ಕಾಯಿಲೆ. ಮುಖ ದಾಟಿ ಹೊರಬರುವ ಅತ್ಯಲ್ಪ ಸಿರಪ್ ಗಾಳಿ ಕಡೆಗೆ ಒಣಗಿ ಸಕ್ಕರೆಯಾಗಿ ಗಟ್ಟಿಯಾಗುತ್ತದೆ. ಸೀಲ್ ಮುಂದೆ ಸರಿಯಬೇಕಾದಾಗ ಸರಿಯದೆ ಕಚ್ಚಿಕೊಳ್ಳುತ್ತದೆ, ಪಂಪ್ ನಿಲ್ಲಿಸಿ ಶುರು ಮಾಡಿದಾಗ ಅಂಟಿದ ಮುಖದ ಅಂಚು ಮುರಿಯುತ್ತದೆ. ಸ್ಪ್ರಿಂಗಿನ ಸಂದಿಯಲ್ಲಿ ಕಂದು ಕಲ್ಲುಸಕ್ಕರೆಯಂಥದ್ದು ಸಿಕ್ಕಿದರೆ ಕಾರಣ ಅದೇ. ಇದಕ್ಕೆ ಮದ್ದು ಗ್ಲ್ಯಾಂಡಿನ ಗಾಳಿ ಬದಿಗೆ ಬಿಸಿನೀರು ಅಥವಾ ಕಡಿಮೆ ಒತ್ತಡದ ಸ್ಟೀಮ್ ಹಾಯಿಸುವ ಕ್ವೆಂಚ್. ಪಂಪ್ ಸೀಲುಗಳ ಮಾನದಂಡ ಎಪಿಐ 682ರಲ್ಲಿ ಪ್ಲಾನ್ 62 ಎಂದು ಕರೆಯುವುದು ಇದನ್ನೇ. ಸುಣ್ಣದ ಹಾಲಿನ ಪಂಪಿಗೆ ಕಾರ್ಬನ್ ಮುಖ ಹಾಕಬೇಡಿ, ಸುಣ್ಣದ ಕಣಗಳು ಅದನ್ನು ಉಜ್ಜಿ ತೆಗೆಯುತ್ತವೆ. ಎರಡೂ ಮುಖ ಸಿಲಿಕಾನ್ ಕಾರ್ಬೈಡ್ ಇರಲಿ, ಹೊರಗಿನಿಂದ ಶುದ್ಧ ನೀರಿನ ಫ್ಲಶ್ ಕೊಡಿ.

ಓ ರಿಂಗ್ ಬಗ್ಗೆ ಹೇಳುವುದು ಸ್ವಲ್ಪ. ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ ಶಾಖ ತಾಳಿಲ್ಲ. ಉಬ್ಬಿ ಮೆತ್ತಗಾಗಿದ್ದರೆ ದ್ರವಕ್ಕೆ ಹೊಂದದ ರಬ್ಬರ್. ಅಂಚನ್ನು ಇಲಿ ಕಡಿದಂತಿದ್ದರೆ ಒತ್ತಡಕ್ಕೆ ಸಂದಿಯೊಳಗೆ ನುಗ್ಗಿದೆ. ಇಪಿಡಿಎಂ ಎಂಬ ರಬ್ಬರ್ ಬಿಸಿನೀರಿಗೆ, ಹಬೆಗೆ ಒಳ್ಳೆಯದು, ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ನೈಟ್ರೈಲ್ ರಬ್ಬರ್ ಎಣ್ಣೆಗೆ ಒಳ್ಳೆಯದು, ನೂರರ ಮೇಲಿನ ಬಿಸಿಗೆ ಹೆಚ್ಚು ದಿನ ಬಾಳದು. ಕಪ್ಪಗಿರುವ ಎರಡೂ ಒಂದೇ ಡಬ್ಬಿಯಲ್ಲಿ ಬಿದ್ದಿರುವ ಸ್ಟೋರುಗಳಲ್ಲಿ ಈ ಗೊಂದಲ ಪದೇಪದೇ ಆಗುತ್ತದೆ. ಹಾಗೆಯೇ, ಇಪಿಡಿಎಂ ಓ ರಿಂಗಿಗೆ ಜಾರಲೆಂದು ಗ್ರೀಸ್ ಹಚ್ಚಬೇಡಿ, ಸೋಪಿನ ನೀರು ಸಾಕು.

ಕಾರ್ಟ್ರಿಡ್ಜ್ ಸೀಲ್ (ಎಲ್ಲ ಭಾಗ ಮೊದಲೇ ಜೋಡಿಸಿ ಬರುವ ಸೀಲ್) ಕೂರಿಸುವಾಗ ಮೊದಲು ಗ್ಲ್ಯಾಂಡ್ ಬೋಲ್ಟ್, ನಂತರ ಶಾಫ್ಟಿನ ಸೆಟ್ ಸ್ಕ್ರೂ, ಕೊನೆಗೆ ಸೆಟಿಂಗ್ ಕ್ಲಿಪ್ ತೆಗೆಯುವುದು. ಆಮೇಲೆ ಯಾರಾದರೂ ಇಂಪೆಲ್ಲರ್ ಸಂದಿ ಸರಿಪಡಿಸಿದರೆ ಸೀಲಿನ ಸೆಟಿಂಗ್ ಕೆಡುತ್ತದೆ, ಕ್ಲಿಪ್ ಹಾಕಿ ಮತ್ತೆ ಕೂರಿಸಬೇಕು.

ಮೆಕ್ಯಾನಿಕಲ್ ಸೀಲಿನ ಬದಲು ಗ್ಲ್ಯಾಂಡ್ ರೋಪ್ (ಶಾಫ್ಟಿನ ಸುತ್ತ ತುರುಕುವ ಹಗ್ಗದಂಥ ಪ್ಯಾಕಿಂಗ್) ಇರುವ ಪಂಪುಗಳಿಗೆ ಹನಿ ಬೀಳುವುದು ದೋಷವಲ್ಲ, ಬೀಳಲೇಬೇಕು. ಆ ಹನಿಯೇ ರೋಪನ್ನು ತಂಪಾಗಿಡುವುದು. ಹನಿ ಪೂರ್ತಿ ನಿಲ್ಲುವಷ್ಟು ಗ್ಲ್ಯಾಂಡ್ ಬಿಗಿದರೆ ರೋಪ್ ಸುಟ್ಟು ಸ್ಲೀವಿನ ಮೇಲೆ ತೋಡು ಬೀಳುತ್ತದೆ, ಅಲ್ಲಿಂದ ಮುಂದೆ ಎಷ್ಟು ರೋಪ್ ತುರುಕಿದರೂ ನೀರು ನಿಲ್ಲದು. ಉಂಗುರಗಳ ಕೂಡುಜಾಗ ಒಂದರ ಹಿಂದೊಂದು ಬಾರದಂತೆ 90 ಡಿಗ್ರಿ ತಿರುಗಿಸಿ ಇಡಿ. ರೋಪಿನ ನಡುವೆ ನೀರು ಹಂಚುವ ಲ್ಯಾಂಟರ್ನ್ ರಿಂಗ್ ಫ್ಲಶ್ ತೂತಿನ ನೇರಕ್ಕೆ ಬಂದಿದೆಯೇ ಎಂದು ಅಳೆದು ನೋಡಿ.

ಒಳಕ್ಕೆ ಎಳೆಯುವ ಸೋರಿಕೆ

ಸಿರಪ್ ಕುದಿಸಿ ಸಕ್ಕರೆ ಹರಳು ಮಾಡುವ ಪ್ಯಾನುಗಳು 25-26 ಇಂಚು (ಪಾದರಸದ ಲೆಕ್ಕ) ವ್ಯಾಕ್ಯೂಮಿನಲ್ಲಿ ಓಡುತ್ತವೆ. ಅಲ್ಲಿ ಗ್ಯಾಸ್ಕೆಟ್ ಸೋರಿದರೆ ಏನೂ ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ವ್ಯಾಕ್ಯೂಮ್ ಇಳಿದು ಕುದಿಯುವ ತಾಪ ಏರುತ್ತದೆ, ಸಕ್ಕರೆಗೆ ಬಣ್ಣ ಬರುತ್ತದೆ, ಕಂಡೆನ್ಸರಿಗೆ ಹೆಚ್ಚು ನೀರು ಬೇಕಾಗುತ್ತದೆ. ದೂರು ಬರುವುದು ಮಾತ್ರ ವ್ಯಾಕ್ಯೂಮ್ ಪಂಪಿನ ಮೇಲೆ. ಮೊದಲು ಪ್ಯಾನನ್ನು ಪಂಪಿನಿಂದ ಬೇರ್ಪಡಿಸಿ ಗೇಜ್ ಎಷ್ಟು ಬೇಗ ಇಳಿಯುತ್ತದೆ ನೋಡಿ. ಬೇಗ ಇಳಿದರೆ ಪಂಪ್ ನಿರಪರಾಧಿ. ಆಮೇಲೆ ಊದುಬತ್ತಿ ಹಚ್ಚಿ ಫ್ಲ್ಯಾಂಜ್, ಮ್ಯಾನ್‌ಹೋಲ್, ಸೈಟ್ ಗ್ಲಾಸ್‌ಗಳ ಸುತ್ತ ನಿಧಾನವಾಗಿ ಆಡಿಸಿ, ಹೊಗೆ ಒಳಕ್ಕೆ ಬಾಗುವ ಕಡೆ ಸೋರಿಕೆ. ಡಿಸ್ಟಿಲರಿಯ ಹತ್ತಿರ, ಸಕ್ಕರೆ ಧೂಳಿರುವ ಕಡೆ, ಬಗಾಸ್ ರಾಶಿಯ ಬಳಿ ಬೆಂಕಿ ಹಚ್ಚುವಂತಿಲ್ಲ. ಅಲ್ಲಿ ಸೋಪಿನ ನೊರೆ ಹಚ್ಚಿ, ಅದು ಒಳಗೆ ಹೀರಿಕೊಳ್ಳುವುದನ್ನು ನೋಡಿ.

ಬೆಲ್ಲೋಸ್

ಕಾರ್ಬನ್ ಸ್ಟೀಲ್ ಪೈಪ್ ಪ್ರತಿ ನೂರು ಡಿಗ್ರಿಗೆ ಮೀಟರಿಗೆ ಸುಮಾರು 1.2 ಮಿ.ಮೀ. ಉದ್ದವಾಗುತ್ತದೆ. 30 ಡಿಗ್ರಿಯಲ್ಲಿ ಕೂರಿಸಿದ 30 ಮೀಟರ್ ಎಕ್ಸಾಸ್ಟ್ ಲೈನ್ (ಟರ್ಬೈನ್ ದಾಟಿ ಬಂದ ಕಡಿಮೆ ಒತ್ತಡದ ಹಬೆಯ ಪೈಪು) 130 ಡಿಗ್ರಿಗೆ ಏರಿದರೆ 36 ಮಿ.ಮೀ. ಬೆಳೆಯುತ್ತದೆ. ಅದನ್ನು ನುಂಗಿಕೊಳ್ಳಲು ಬೆಲ್ಲೋಸ್ ಇಟ್ಟಿರುವುದು. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಗೊತ್ತಿದ್ದರೂ ಮರೆಯುವುದು, ಒತ್ತಡದ ತಳ್ಳು.

ಬೆಲ್ಲೋಸ್ ಇರುವ ಜಾಗದಲ್ಲಿ ಪೈಪು ಕತ್ತರಿಸಿದಂತೆಯೇ ಲೆಕ್ಕ. ಒಳಗಿನ ಒತ್ತಡ ಅದನ್ನು ಎರಡೂ ಕಡೆಗೆ ತಳ್ಳಿ ನೇರ ಮಾಡಲು ನೋಡುತ್ತದೆ. ಒಂದು ಮೀಟರ್ ವ್ಯಾಸದ ಎಕ್ಸಾಸ್ಟ್ ಲೈನ್, ಮಡಿಕೆಗಳ ಸರಾಸರಿ ವ್ಯಾಸ 105 ಸೆಂ.ಮೀ., ಒತ್ತಡ ಬರೀ ಒಂದೂವರೆ ಕೆಜಿ. ವಿಸ್ತೀರ್ಣ 8,659 ಚದರ ಸೆಂ.ಮೀ.; ತಳ್ಳು ಸುಮಾರು 13 ಟನ್. ಎಕ್ಸಾಸ್ಟ್ ತಾನೆ, ಒತ್ತಡವೇನು ಮಹಾ ಎಂದು ಆಂಕರಿಗೆ ನಾಲ್ಕು ಸಣ್ಣ ಬೋಲ್ಟ್ ಹಾಕಿದ ಕಡೆ ಆ 13 ಟನ್ ಕೆಲಸ ಮಾಡುತ್ತಿರುತ್ತದೆ.

1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ಆದದ್ದನ್ನು ಬೆಲ್ಲೋಸ್ ಮುಟ್ಟುವ ಪ್ರತಿಯೊಬ್ಬರೂ ತಿಳಿದಿರಬೇಕು. ಅಲ್ಲಿನ ನೈಪ್ರೋ ಕಾರ್ಖಾನೆಯಲ್ಲಿ ಬಿರುಕು ಬಿಟ್ಟ 5ನೇ ರಿಯಾಕ್ಟರನ್ನು ತೆಗೆದು, 4ಕ್ಕೂ 6ಕ್ಕೂ ನಡುವೆ 20 ಇಂಚಿನ ತಾತ್ಕಾಲಿಕ ಪೈಪ್ ಹಾಕಿದರು. ಎರಡೂ ತುದಿಗೆ ಮೊದಲಿದ್ದ ಬೆಲ್ಲೋಸ್ ಹಾಗೇ ಉಳಿದವು. ರಿಯಾಕ್ಟರುಗಳು ಮೆಟ್ಟಿಲಿನಂತೆ ಹೆಚ್ಚುಕಡಿಮೆ ಎತ್ತರದಲ್ಲಿದ್ದ ಕಾರಣ ಪೈಪನ್ನು ಮುರಿದ ಮೊಣಕಾಲಿನಂತೆ ಜೋಡಿಸಿದರು. ನಕ್ಷೆಯನ್ನು ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಎರಡು ಬೆಲ್ಲೋಸಿನ ತಳ್ಳು ಒಂದೇ ನೇರದಲ್ಲಿಲ್ಲ, ಅದು ಪೈಪನ್ನು ತಿರುವುತ್ತದೆ ಎಂಬ ಲೆಕ್ಕ ಯಾರೂ ಹಾಕಲಿಲ್ಲ. ಪೈಪಿಗೆ ಆಸರೆಯಾಗಿದ್ದುದು ಸ್ಕಾಫೋಲ್ಡಿಂಗ್. ಅದು ಹರಿದು ಹೊರನುಗ್ಗಿದ ಸೈಕ್ಲೋಹೆಕ್ಸೇನ್ ಹೊತ್ತಿ ಸ್ಫೋಟಿಸಿ 28 ಜನ ಸತ್ತರು.

ದೋಷ ಹುಡುಕುವಾಗ ಹಾಗಾಗಿ ಬೆಲ್ಲೋಸಿನಿಂದ ಶುರು ಮಾಡದೆ ಆಂಕರಿನಿಂದ ಶುರು ಮಾಡಿ. ಆಂಕರಿನ ವೆಲ್ಡ್ ಬಿರಿದಿದೆಯೇ, ಕಾಂಕ್ರೀಟಿನಲ್ಲಿ ಬೋಲ್ಟ್ ಎದ್ದಿದೆಯೇ, ಶೂ ತನ್ನ ಪ್ಲೇಟಿನಿಂದ ಆಚೆ ಸರಿದು ಹೊಸ ಗೀರು ಮಾಡಿದೆಯೇ ನೋಡಿ. ಆಮೇಲೆ ಪೈಪನ್ನು ನೇರಕ್ಕೆ ಜಾರಿಸುವ ಗೈಡುಗಳು. ಮೊದಲ ಗೈಡ್ ಬೆಲ್ಲೋಸಿನಿಂದ ಪೈಪ್ ವ್ಯಾಸದ 4 ಪಟ್ಟಿನೊಳಗೆ, ಎರಡನೆಯದು ಅಲ್ಲಿಂದ 14 ಪಟ್ಟಿನೊಳಗೆ ಇರಬೇಕೆಂಬುದು ಬೆಲ್ಲೋಸ್ ತಯಾರಕರ ಸಂಘ ಇಜೆಎಂಎ ಮಾನದಂಡದ ನಿಯಮ. ಹೊಸ ಪ್ಲಾಟ್‌ಫಾರ್ಮ್ ಕಟ್ಟುವಾಗ ಅಡ್ಡವಾಯಿತೆಂದು ಗೈಡ್ ಕತ್ತರಿಸಿ, ಆಮೇಲೆ ಹಾಕಲು ಮರೆಯುವುದು ಆಫ್ ಸೀಸನ್ ಕೆಲಸಗಳಲ್ಲಿ ಆಗುತ್ತಿರುತ್ತದೆ. ಬೆಲ್ಲೋಸ್ ಹಾವಿನಂತೆ ಪಕ್ಕಕ್ಕೆ ಬಾಗಿದ್ದರೆ ಅದನ್ನು ಸ್ಕ್ವರ್ಮ್ ಎನ್ನುತ್ತಾರೆ. ಗೈಡ್ ಇಲ್ಲ, ಅಥವಾ ಒತ್ತಡ ಮಿತಿ ಮೀರಿದೆ. ಹಾಗೆ ಬಾಗಿದ್ದು ಮತ್ತೆ ನೇರವಾದರೂ ನಂಬುವಂತಿಲ್ಲ, ಬದಲಿಸಲೇಬೇಕು.

ಬಿರುಕಿನ ಆಕಾರವೂ ಮಾತಾಡುತ್ತದೆ. ಮಡಿಕೆಯ ಗುಂಟ ಸುತ್ತಲೂ ಸಾಗಿದ ಬಿರುಕು ದಣಿವಿನದು. ಲೆಕ್ಕಕ್ಕಿಂತ ಹೆಚ್ಚು ಚಲನೆ ಅಥವಾ ಕಂಪನ. ಬೇರಿನಂತೆ ಕವಲೊಡೆದ ಸಣ್ಣ ಬಿರುಕುಗಳಾದರೆ ಕ್ಲೋರೈಡಿನ ಕೆಲಸ. 304, 316, 321 ಸ್ಟೇನ್‌ಲೆಸ್ ಎಲ್ಲಕ್ಕೂ ಬಿಸಿ, ಎಳೆತ, ಕ್ಲೋರೈಡ್ ಮೂರೂ ಕೂಡಿದಾಗ ಇದು ತಗಲುತ್ತದೆ. ಮಳೆಗೆ ನೆನೆದ ಇನ್ಸುಲೇಶನ್ನಿನಿಂದ ಉಪ್ಪು ಇಳಿದು ಮಡಿಕೆಯ ತಳದಲ್ಲಿ ನಿಂತಿರುತ್ತದೆ. ಅದೇ ದರ್ಜೆಯ ಹೊಸ ಬೆಲ್ಲೋಸ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಒಂದೋ ಇನ್ಸುಲೇಶನ್ ಒಣಗಿರುವಂತೆ ಮುಚ್ಚಬೇಕು, ಇಲ್ಲವೇ ಇಂಕೊನೆಲ್ 625ರಂಥ ಲೋಹಕ್ಕೆ ಹೋಗಬೇಕು. ಬಿರುಕಿನ ಮೇಲೆ ವೆಲ್ಡ್ ಪ್ಯಾಚ್ ಹಾಕುವುದು ಪರಿಹಾರವಲ್ಲ. ಮಡಿಕೆಯ ಗೋಡೆ ತೆಳುವಾಗಿ ಬಾಗಲೆಂದೇ ಮಾಡಿದ್ದು, ವೆಲ್ಡ್ ಬಿದ್ದ ಜಾಗ ಬಾಗದು, ಪಕ್ಕದಲ್ಲೇ ಮತ್ತೆ ಸೀಳುತ್ತದೆ.

ಒಳಗಿನ ಸ್ಲೀವ್ ಹರಿದು ಮಡಚಿಕೊಂಡಿದ್ದರೆ ಹೊರಗೆ ಬರೆದ ಬಾಣದ ಗುರುತು ನೋಡಿ, ಹರಿವಿಗೆ ವಿರುದ್ಧ ಕೂರಿಸಿರುತ್ತಾರೆ. ಬೋಲ್ಟ್ ತೂತು ಹೊಂದಿಸಲು ಬೆಲ್ಲೋಸನ್ನೇ ತಿರುಚಿದ್ದರೆ ಅದು ಬಾಳುವುದಿಲ್ಲ. ಉದ್ದಕ್ಕೆ, ಅಡ್ಡಕ್ಕೆ, ಕೋನಕ್ಕೆ ಬಾಗಲು ಅದನ್ನು ಮಾಡಿದ್ದಾರೆ, ತಿರುಚಲು ಅಲ್ಲ. ಪೈಪ್ ತಪ್ಪಿದ ಅಂತರವನ್ನು ಬೆಲ್ಲೋಸ್ ಎಳೆದು ಮುಚ್ಚಿದ್ದರೆ ಅದರ ಚಲನೆಯ ಪಾಲು ಆಗಲೇ ಖರ್ಚಾಗಿರುತ್ತದೆ.

ಹೊಸ ಬೆಲ್ಲೋಸ್ ಹಾಕಿದ ಲೈನಿನಲ್ಲಿ ಮೊದಲ ಬಿಸಿಗೇ ಪಕ್ಕದ ಫ್ಲ್ಯಾಂಜ್ ಸೋರಿ, ಆಂಕರ್ ಕಿರುಗುಟ್ಟಿದರೆ ಇನ್ನೇನೂ ಬಿಚ್ಚುವ ಮೊದಲು ಬೆಲ್ಲೋಸಿನ ಎರಡೂ ತುದಿಗಳನ್ನು ಸೇರಿಸಿ ವೆಲ್ಡ್ ಮಾಡಿದ ಕಬ್ಬಿಣದ ಪಟ್ಟಿಗಳು ಹಾಗೇ ಉಳಿದಿವೆಯೇ ನೋಡಿ. ಸಾಗಾಟದಲ್ಲಿ ಬೆಲ್ಲೋಸ್ ಅಲುಗದಿರಲೆಂದು ಹಾಕಿದ ಶಿಪ್ಪಿಂಗ್ ಬಾರ್ ಅವು, ಸಾಮಾನ್ಯವಾಗಿ ಹಳದಿ ಬಣ್ಣ ಬಳಿದಿರುತ್ತದೆ. ಒತ್ತಡದ ತಳ್ಳನ್ನು ತಡೆಯುವ ಟೈ ರಾಡ್ ಎಂದು ತಿಳಿದು ಬಿಟ್ಟಿರುತ್ತಾರೆ. ಲೈನ್ ತಣ್ಣಗಾಗಲು ಬಿಟ್ಟು, ಆಂಕರ್ ಮತ್ತು ಗೈಡ್ ಗಟ್ಟಿಯಾಗಿವೆ ಎಂದು ಖಾತ್ರಿ ಮಾಡಿಕೊಂಡು, ಕಿಡಿ ಮಡಿಕೆಗೆ ತಾಗದಂತೆ ಒದ್ದೆ ಹೊದಿಕೆ ಹಾಕಿ ಅವನ್ನು ಕತ್ತರಿಸಿ. ಸೋರಿದ ಫ್ಲ್ಯಾಂಜಿಗೆ ಹೊಸ ಗ್ಯಾಸ್ಕೆಟ್ ಹಾಕುವುದು ಅದಾದ ಮೇಲೆ.